ಅಮ್ಮನ ವೀಸಾದಲ್ಲಿ ಒಂದು 'ಎಂ' ಕಮ್ಮಿ: ವಿಯೆಟ್ನಾಂಗೆ ಹೊರಡೋ ಮುಂಚೆ

ಹಿಂದಿನ ಎಪಿಸೋಡ್ ಕೊನೇಲಿ ವಿಯೆಟ್ನಾಂಗೆ ಹೋಗಿ ಬಂದೆ ಅಂತ ಒಂದೇ ಒಂದು ಮಾತು ಹೇಳಿದ್ದೆ ಅಷ್ಟೇ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಅದೇ ಪ್ರಶ್ನೆ. ವೀಸಾ ಹೆಂಗೆ, ದುಡ್ಡು ಎಷ್ಟು ಬೇಕು, ವೆಜ್ ಊಟ ಸಿಗುತ್ತಾ, ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ. ಇವತ್ತು ಅದನ್ನೇ ಮಾತಾಡೋಣ. ನೋಡಲೇಬೇಕಾದ ಹತ್ತು ತಾಣ ಅನ್ನೋ ಲಿಸ್ಟ್ ಏನೂ ನನ್ನ ಹತ್ರ ಇಲ್ಲ, ಅದಕ್ಕೆ ರೀಲ್ಸ್ ಇದೆ. ನಾನು ಎಡವಿದ ಜಾಗಗಳನ್ನ ಹೇಳ್ತೀನಿ, ನೀವು ಅಲ್ಲಿ ನೋಡ್ಕೊಂಡು ಹೆಜ್ಜೆ ಇಡಿ.

ನಾವು ವಿಯೆಟ್ನಾಂಗೆ ಹೊರಟಿದ್ದು ಎರಡು ಸಲ. ತಲುಪಿದ್ದು ಒಂದು ಸಲ.

ಮೊದಲನೇ ಸಲ 2024ರ ದಸರಾ ರಜೆ. ನಾನು, ಅಮ್ಮ, ಇಬ್ಬರೇ. ಅಮ್ಮನಿಗೆ 61 ವರ್ಷ, ವಿಮಾನ ಹತ್ತಿದ್ದೇ ಇಲ್ಲ. ಈ ಟ್ರಿಪ್‌ಗೋಸ್ಕರಾನೇ ಪಾಸ್‌ಪೋರ್ಟ್ ಮಾಡ್ಸಿದ್ದು. ಪೊಲೀಸ್ ವೆರಿಫಿಕೇಶನ್‌ಗೆ ಬಂದೋರಿಗೆ ಕಾಫಿ ಕೊಟ್ಟು, 'ಮಗು ವಿಯೆಟ್ನಾಂ ತೋರಿಸ್ತೀನಿ ಅಂತಿದೆ' ಅಂತ ಅವ್ರಿಗೂ ಹೇಳಿ, ಬೀದಿಯೆಲ್ಲಾ ಸುದ್ದಿ. ರಾತ್ರಿ ಹನ್ನೊಂದು ಗಂಟೆಗೆ ಬೆಂಗಳೂರು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್ ಮುಂದೆ ನಿಂತಿದ್ದೀವಿ. ಕೌಂಟರ್‌ನಲ್ಲಿದ್ದ ಹುಡುಗಿ ಅಮ್ಮನ ವೀಸಾ ಪ್ರಿಂಟು, ಪಾಸ್‌ಪೋರ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ಲು. ಇನ್ನೊಂದು ಸಲ ನೋಡಿದ್ಲು. ಆಮೇಲೆ ಸೀನಿಯರ್‌ನ ಕರೆದ್ಲು. ಆ 'ಇನ್ನೊಂದು ಸಲ' ನೋಡಿದಾಗಲೇ ನನ್ನ ಹೊಟ್ಟೇಲಿ ಏನೋ ಜಾರಿತು.

ಅಮ್ಮನ ಹೆಸರು 'ಅಮ್ಮ' ಅಂತಲೇ ಕೊನೆಯಾಗುತ್ತೆ, ನಮ್ಮ ಕಡೆ ಆ ವಯಸ್ಸಿನವರದ್ದು ಹಂಗೇ ಅಲ್ವಾ. ಇಂಗ್ಲಿಷ್‌ನಲ್ಲಿ ಎರಡು ಎಂ. ಪಾಸ್‌ಪೋರ್ಟ್‌ನಲ್ಲಿ ಎರಡು ಎಂ ಇದೆ. ವೀಸಾದಲ್ಲಿ ಒಂದೇ ಎಂ. ಫಾರಂ ತುಂಬಿದ್ದು ಯಾವ ಏಜೆಂಟೂ ಅಲ್ಲ, ನಾನೇ. ರಾತ್ರಿ ಒಂದು ಗಂಟೆಗೆ, ಮೊಬೈಲಲ್ಲಿ, ಮಲ್ಕೊಂಡು ತುಂಬಿದ್ದೆ.

ಹೆಸರು ಹೊಂದಾಣಿಕೆ ಆಗಲ್ಲ, ಅಲ್ಲಿ ಇಳಿದ ಮೇಲೆ ವಾಪಸ್ ಕಳಿಸ್ತಾರೆ, ಹತ್ತಿಸೋಕಾಗಲ್ಲ ಅಂದ್ರು. ನಾನು ಜೋರು ಮಾಡಿದೆ, ಆಮೇಲೆ ಬೇಡ್ಕೊಂಡೆ, ಆಮೇಲೆ ಮತ್ತೆ ಜೋರು ಮಾಡಿದೆ. ಅಮ್ಮ ನನ್ನ ತೋಳು ಹಿಡ್ಕೊಂಡು, 'ಬಿಡು ಪುಟ್ಟ, ಪಾಪ ಆ ಹುಡುಗಿ ಕೆಲ್ಸ ಅವಳು ಮಾಡ್ತಿದ್ದಾಳೆ' ಅಂದ್ರು. ಹೊರಗೆ ಬಂದು, ಟ್ಯಾಕ್ಸಿ ಬರೋವರೆಗೂ ಒಂದು ಬೆಂಚ್ ಮೇಲೆ ಕೂತು, ವಿಮಾನದಲ್ಲಿ ತಿನ್ನೋಕೆ ಅಂತ ಕಟ್ಕೊಂಡಿದ್ದ ಚಪಾತಿ ಬಿಚ್ಚಿ ನನಗೂ ಕೊಟ್ರು. ನನಗೆ ಇಳೀಲಿಲ್ಲ. ತುಮಕೂರು ತಲುಪಿದಾಗ ಬೆಳಗಿನ ಜಾವ. ಗೇಟ್ ತೆಗೆಯೋವಾಗ ಅಮ್ಮ ಹೇಳಿದ್ದು ಒಂದೇ: 'ಇನ್ನೊಂದು ನಾಲ್ಕು ದಿನ ಮನೆಯಿಂದ ಹೊರಗೆ ಬರೋದು ಬೇಡ, ಬೀದಿಯೋರು ಕೇಳ್ತಾರೆ.' ಟಿಕೆಟ್ ದುಡ್ಡು ಹೋಗಿದ್ದು ಬೇರೆ ವಿಷಯ. ಇಬ್ಬರದ್ದೂ ಸೇರಿ ನಲವತ್ತು ಸಾವಿರದ ಹತ್ರ, ರೀಫಂಡ್ ಇಲ್ಲದ ಟಿಕೆಟ್ಟು. ಆದ್ರೆ ಆ ಮಾತು ಇದೆಯಲ್ಲ, ಅದು ಇನ್ನೂ ಹೋಗಿಲ್ಲ.

ಸರಿ, ವೀಸಾ ವಿಷಯಕ್ಕೆ ಬರೋಣ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಭಾರತದವರಿಗೆ ವಿಯೆಟ್ನಾಂಗೆ ಹೋಗೋಕೆ ವೀಸಾ ಬೇಕು. ಇ-ವೀಸಾ ಸಿಗುತ್ತೆ, ಯಾವ ಆಫೀಸಿಗೂ ಅಲೀಬೇಕಾಗಿಲ್ಲ. 2023ರ ಆಗಸ್ಟ್ 15ರಿಂದ ಅದನ್ನ 90 ದಿನದವರೆಗೆ ಕೊಡ್ತಾರೆ. ಒಂದು ಸಲ ಒಳಗೆ ಹೋಗೋ ವೀಸಾಗೆ 25 ಡಾಲರ್, ಹೋಗಿ ಬಂದು ಮತ್ತೆ ಹೋಗೋ ಮಲ್ಟಿಪಲ್ ಎಂಟ್ರಿಗೆ 50 ಡಾಲರ್. ನಡುವೆ ಕಾಂಬೋಡಿಯಾಗೆ ಹೋಗಿ ಅಂಕೋರ್ ವಾಟ್ ನೋಡ್ಕೊಂಡು ವಾಪಸ್ ವಿಯೆಟ್ನಾಂಗೆ ಬರ್ತೀನಿ ಅನ್ನೋರು 50 ಡಾಲರ್‌ದೇ ತಗೋಬೇಕು, ಇಲ್ಲಾಂದ್ರೆ ಗಡಿಯಲ್ಲಿ ಸಿಕ್ಕಾಕ್ಕೋತೀರ.

ಗೂಗಲ್‌ನಲ್ಲಿ ವಿಯೆಟ್ನಾಂ ಇ-ವೀಸಾ ಅಂತ ಹುಡುಕಿದ್ರೆ ಮೇಲ್ಗಡೆ ಬರೋದು ಜಾಹೀರಾತುಗಳು. ಸರ್ಕಾರಿ ಲಾಂಛನದ ಥರ ಏನೋ ಹಾಕ್ಕೊಂಡು, ನೋಡೋಕೆ ಸರ್ಕಾರಿ ಸೈಟೇ ಅನ್ಸೋ ಹಂಗಿರುತ್ತೆ. ಅವರು ಎರಡರಷ್ಟು ಮೂರರಷ್ಟು ತಗೋತಾರೆ. ನಿಜವಾದ ಸೈಟ್ ವಿಳಾಸದ ಕೊನೇಲಿ 'ಡಾಟ್ ಗವ್ ಡಾಟ್ ವಿಎನ್' ಅಂತ ಇರ್ಬೇಕು. ಅದಿಲ್ಲ ಅಂದ್ರೆ ಮುಚ್ಚಿಬಿಡಿ. ಕಾರ್ಡಿಂದ ಪೇಮೆಂಟ್ ಆಗುತ್ತೆ. ನಿಮ್ಮ ಕಾರ್ಡಲ್ಲಿ ಇಂಟರ್‌ನ್ಯಾಷನಲ್ ವಹಿವಾಟು ಆನ್ ಇದೆಯಾ ಅಂತ ಬ್ಯಾಂಕ್ ಆ್ಯಪಲ್ಲಿ ಮೊದಲೇ ನೋಡ್ಕೊಳ್ಳಿ. ಒಂದು ಸಲ ಕಟ್ಟಿದ ಫೀಸು ವಾಪಸ್ ಬರಲ್ಲ, ತಪ್ಪು ನಿಮ್ಮದಾದ್ರೂ ಅಷ್ಟೇ, ಅರ್ಜಿ ತಿರಸ್ಕಾರ ಆದ್ರೂ ಅಷ್ಟೇ.

ಮೂರು ಕೆಲಸದ ದಿನ ಅಂತ ಹೇಳ್ತಾರೆ. ಕೆಲಸದ ದಿನ ಅಂದ್ರೆ ಅವರ ಕೆಲಸದ ದಿನ. ಶನಿವಾರ ಭಾನುವಾರ ಬಿಟ್ಟು, ಅವರ ಹಬ್ಬ ಬಿಟ್ಟು. ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2, ಇವೆಲ್ಲ ಅಲ್ಲಿ ದೊಡ್ಡ ರಜೆಗಳು. ಚಾಂದ್ರಮಾನ ಹೊಸ ವರ್ಷ, ಟೆಟ್ ಅಂತಾರೆ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತೆ, ಆಗಂತೂ ಒಂದು ವಾರ ದೇಶವೇ ಊರಿಗೆ ಹೊರಟಿರುತ್ತೆ. ಹಾಗಾಗಿ ಕನಿಷ್ಠ ಮೂರು ವಾರ ಮುಂಚೆ ಅರ್ಜಿ ಹಾಕಿ. ತಪ್ಪಾಗಿದ್ರೆ ಇನ್ನೊಂದು ಹೊಸ ಅರ್ಜಿ ಹಾಕೋಕೆ ಟೈಮ್ ಇರುತ್ತೆ. ನನಗೆ ಅಮ್ಮನ ವೀಸಾ ಪಿಡಿಎಫ್ ಬಂದು ಹನ್ನೆರಡು ದಿನ ಫೋನಲ್ಲೇ ಇತ್ತು. ಹನ್ನೆರಡು ದಿನ! ಬಂತಾ, ಬಂತು, ಅಷ್ಟೇ ನೋಡಿದ್ದು. ಅವತ್ತೇ ತೆಗೆದು ಓದಿದ್ರೆ ಇನ್ನೊಂದು 25 ಡಾಲರ್‌ನಲ್ಲಿ ಮುಗೀತಿತ್ತು.

ನಮ್ಮ ಹೆಸರುಗಳದ್ದು ಬೇರೆ ಕಥೆ. ಕರ್ನಾಟಕದಲ್ಲಿ ತುಂಬಾ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ. ಕೆಲವರಿಗೆ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಎಲ್ಲಾ ಸೇರಿರುತ್ತೆ. ಆಧಾರ್‌ನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಲ್ಲಿ ಒಂದು ಥರ. ಇಲ್ಲಿ ಲೆಕ್ಕಕ್ಕೆ ಬರೋದು ಪಾಸ್‌ಪೋರ್ಟ್ ಮಾತ್ರ. ಫೋಟೋ ಇರೋ ಪುಟದ ಕೆಳಗಡೆ ಬಾಣದ ಗುರುತು ತುಂಬಿರೋ ಎರಡು ಸಾಲು ಇರುತ್ತಲ್ಲ, ವಿಮಾನ ನಿಲ್ದಾಣದ ಮಷಿನ್ ಓದೋದು ಅದನ್ನೇ. ಅದರಲ್ಲಿರೋ ಅಕ್ಷರಕ್ಕೆ ಅಕ್ಷರ ಹೊಂದ್ಬೇಕು. ನಾನು ಬಿಕಾಂ ಓದಿದ್ದು. ಆಡಿಟಿಂಗ್ ಪೇಪರಲ್ಲಿ ವೌಚಿಂಗ್ ಅಂತ ಒಂದು ಪಾಠ ಇತ್ತು, ಲೆಕ್ಕದ ಪುಸ್ತಕದಲ್ಲಿ ಬರ್ದಿರೋದಕ್ಕೂ ಬಿಲ್ಲಿಗೂ ತಾಳೆ ನೋಡೋದು. ಪರೀಕ್ಷೆಯಲ್ಲಿ ಅದಕ್ಕೆ ಎರಡು ಪುಟ ಬರೆದೆ, ಅಮ್ಮನ ವೀಸಾಗೆ ಮಾಡ್ಲಿಲ್ಲ. ಈಗ ಹೇಗೆ ಮಾಡ್ತೀನಿ ಅಂದ್ರೆ, ಒಬ್ಬರು ಪಾಸ್‌ಪೋರ್ಟ್ ಹಿಡ್ಕೊಂಡು ಒಂದೊಂದೇ ಅಕ್ಷರ ಜೋರಾಗಿ ಓದ್ಬೇಕು, ಇನ್ನೊಬ್ಬರು ಫಾರಂ ನೋಡ್ಬೇಕು. ಸಬ್ಮಿಟ್ ಮಾಡೋ ಮುಂಚೆ ಒಂದು ಸಲ, ಪಿಡಿಎಫ್ ಬಂದ ಮೇಲೆ ಇನ್ನೊಂದು ಸಲ. ಎರಡನೇ ಸಲ ಅಮ್ಮನೇ ಓದಿದ್ರು. 'ಎಂ, ಇನ್ನೊಂದು ಎಂ, ಹಾಕಿದ್ಯಾ?' ಅಂತ.

ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಅವಧಿ ಇರ್ಬೇಕು. ವೀಸಾದಲ್ಲಿ ಬರೆದಿರೋ ದಿನಕ್ಕಿಂತ ಮುಂಚೆ ಒಳಗೆ ಬಿಡಲ್ಲ, ಹಾಗಾಗಿ ಮಧ್ಯರಾತ್ರಿ ವಿಮಾನ ಇದ್ರೆ ಇಳಿಯೋ ದಿನಾಂಕ ಯಾವುದು ಅಂತ ಕ್ಯಾಲೆಂಡರ್ ನೋಡಿ ಹಾಕಿ. ಫಾರಂನಲ್ಲಿ ಯಾವ ವಿಮಾನ ನಿಲ್ದಾಣ ಹಾಕ್ತೀರೋ ಅಲ್ಲೇ ಇಳಿಯೋದು ಕ್ಷೇಮ. ವೀಸಾ ಎರಡು ಕಾಪಿ ಪ್ರಿಂಟ್ ತಗೊಳ್ಳಿ. ಫೋನ್ ಚಾರ್ಜ್ ಮುಗಿಯೋದು ಯಾವಾಗ್ಲೂ ಕೌಂಟರ್ ಮುಂದೇನೇ. ಫು ಕ್ವಾಕ್ ಅಂತ ಒಂದು ದ್ವೀಪ ಇದೆ, ಹೊರದೇಶದಿಂದ ನೇರ ಅಲ್ಲಿಗೇ ಹೋಗಿ ಅಲ್ಲೇ ಇದ್ದು ಬರೋದಾದ್ರೆ 30 ದಿನ ವೀಸಾ ಬೇಡ. ದ್ವೀಪ ಬಿಟ್ಟು ಹನೋಯ್ ನೋಡ್ತೀನಿ ಅಂದ್ರೆ ಬೇಕು.

ಎರಡನೇ ಸಲ ಹೊರಟಿದ್ದು 2025ರ ಫೆಬ್ರವರಿ ಕೊನೆಗೆ, ಟೆಟ್ ಮುಗಿದ ಮೇಲೆ. ಅಮ್ಮನ್ನ ಒಪ್ಪಿಸೋಕೇ ಒಂದು ತಿಂಗಳು ಹಿಡೀತು. ಈ ಸಲ ಬೀದಿಯೋರಿಗೆ ಯಾರಿಗೂ ಹೇಳ್ಲಿಲ್ಲ.

ಒಂದು ಲೆಕ್ಕದಲ್ಲಿ ತಡ ಆಗಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ದಸರಾ ಸಮಯದಲ್ಲಿ ನಾನು ಬುಕ್ ಮಾಡಿದ್ದು ಹೊಯ್ ಆನ್. ವಿಯೆಟ್ನಾಂ ಭೂಪಟ ನೋಡಿ, ಉದ್ದಕ್ಕೆ ಇದೆ, ಹನೋಯಿಂದ ಹೋ ಚಿ ಮಿನ್ ಸಿಟಿಗೆ ರೈಲಲ್ಲಿ 1,726 ಕಿಲೋಮೀಟರ್, 30 ಗಂಟೆಗಿಂತ ಜಾಸ್ತಿ. ಹಾಗಾಗಿ 'ವಿಯೆಟ್ನಾಂನಲ್ಲಿ ಮಳೆ ಯಾವಾಗ' ಅನ್ನೋದು ಅರ್ಥವಿಲ್ಲದ ಪ್ರಶ್ನೆ. ದಕ್ಷಿಣದಲ್ಲಿ ಮೇನಿಂದ ಅಕ್ಟೋಬರ್. ನಡುವಿನ ಭಾಗದಲ್ಲಿ, ಅಂದ್ರೆ ದಾ ನಾಂಗ್, ಹೊಯ್ ಆನ್, ಹ್ವೆ ಕಡೆ, ಜೋರು ಮಳೆ ಬರೋದು ಅಕ್ಟೋಬರ್, ನವೆಂಬರ್‌ನಲ್ಲಿ. ಹೊಯ್ ಆನ್ ಹಳೇ ಪೇಟೆಯ ಬೀದಿಗಳಲ್ಲಿ ಆಗ ದೋಣಿ ಓಡಾಡೋ ವರ್ಷಗಳೂ ಇವೆ. ನಮ್ಮ ದಸರಾ, ದೀಪಾವಳಿ ರಜೆ ಸರಿಯಾಗಿ ಅಲ್ಲೇ ಬೀಳುತ್ತೆ. ಉತ್ತರದಲ್ಲಿ ಚಳಿಗಾಲ ಅನ್ನೋದು ನಿಜವಾಗ್ಲೂ ಇದೆ. ಫೆಬ್ರವರಿಯಲ್ಲಿ ಹನೋಯ್‌ನಲ್ಲಿ 15-16 ಡಿಗ್ರಿ, ಜಿಟಿಜಿಟಿ ಮಳೆ. ಆಗ್ನೇಯ ಏಷ್ಯಾ ಅಂದ್ರೆ ಬರೀ ಸೆಕೆ ಅಂದ್ಕೊಂಡು ಟೀ ಶರ್ಟ್ ತುಂಬ್ಕೊಂಡು ಹೋಗಿದ್ದೆ, ಅಮ್ಮ ಮಾತ್ರ ಕೇಳದೇ ಸ್ವೆಟರ್ ಇಟ್ಕೊಂಡಿದ್ರು. ನಾನು ಅಮ್ಮನ ಶಾಲು ಹೊದ್ಕೊಂಡು ಓಡಾಡಿದೆ.

ಈಗ ದುಡ್ಡು. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಮಾತಾಡ್ತೀನಿ, ತಡ್ಕೊಳ್ಳಿ.

ಅಲ್ಲಿಯ ದುಡ್ಡು ಡಾಂಗ್. ಒಂದು ರೂಪಾಯಿಗೆ ಹೆಚ್ಚುಕಮ್ಮಿ 300 ಡಾಂಗ್. ಒಂದು ಲಕ್ಷ ಡಾಂಗ್ ಅಂದ್ರೆ ಮುನ್ನೂರ ಮೂವತ್ತು ರೂಪಾಯಿ ಹತ್ರ. ತಲೆಯಲ್ಲಿ ಲೆಕ್ಕ ಹಾಕೋಕೆ ಸುಲಭ ದಾರಿ: ಕೊನೇ ಎರಡು ಸೊನ್ನೆ ಹೊಡೆದು ಮೂರರಿಂದ ಭಾಗಿಸಿ. 60,000 ಅಂತ ಬರೆದಿದ್ರೆ 600, ಅದರಲ್ಲಿ ಮೂರನೇ ಒಂದು, 200 ರೂಪಾಯಿ. ಬೋರ್ಡಲ್ಲಿ 60ಕೆ ಅಂತಲೇ ಬರೆದಿರ್ತಾರೆ, ಬಾಯಲ್ಲಿ ಬರೀ ಅರವತ್ತು ಅಂತಾರೆ.

ನೋಟುಗಳಲ್ಲಿ ಒಂದು ದೊಡ್ಡ ಮೋಸ ಇದೆ, ಯಾರೂ ಮಾಡೋ ಮೋಸ ಅಲ್ಲ, ಬಣ್ಣದ್ದು. 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಒಂದು ಅರವತ್ತೈದು ರೂಪಾಯಿ, ಇನ್ನೊಂದು ಸಾವಿರದ ಆರುನೂರಕ್ಕೂ ಹೆಚ್ಚು. ರಾತ್ರಿ ಬೀದಿದೀಪದ ಕೆಳಗೆ, ಹಿಂದೆ ಹಾರ್ನ್ ಹೊಡೀತಿರೋವಾಗ ಟ್ಯಾಕ್ಸಿಯೋರಿಗೆ ಯಾವುದು ಕೊಟ್ರಿ ಅಂತ ನಿಮಗೇ ಗೊತ್ತಾಗಲ್ಲ. ಅಮ್ಮ ಮೊದಲನೇ ದಿನಾನೇ ಒಂದು ಉಪಾಯ ಮಾಡಿದ್ರು. 5 ಲಕ್ಷದ ನೋಟುಗಳನ್ನ ಬೇರೆ ಮಾಡಿ, ಸೆರಗಿನ ಪಿನ್ ಹಾಕಿ, ಚಿಕ್ಕ ಪರ್ಸಲ್ಲಿ ಇಟ್ರು. ಕೈಪರ್ಸಲ್ಲಿ ಚಿಲ್ಲರೆ ಮಾತ್ರ. ನಾನು ಆ್ಯಪಲ್ಲಿ ಖರ್ಚು ಟ್ರ್ಯಾಕ್ ಮಾಡ್ತಿದ್ದೆ, ಅಮ್ಮ ಡೈರಿಯಲ್ಲಿ. ಕೊನೆಗೆ ತಾಳೆ ಆಗಿದ್ದು ಅಮ್ಮನ ಡೈರಿ.

ನಾವು ಹೋದಾಗ ನಮ್ಮ ಫೋನ್‌ಪೇ, ಗೂಗಲ್ ಪೇ ಅಲ್ಲಿ ಎಲ್ಲೂ ನಡೀಲಿಲ್ಲ. ಅಲ್ಲಿಯೋರು ಎಳನೀರು ತಗೊಂಡ್ರೂ ಕ್ಯುಆರ್ ಸ್ಕ್ಯಾನ್ ಮಾಡ್ತಾರೆ, ಆದ್ರೆ ಅದು ಅವರ ಬ್ಯಾಂಕಿಗೆ. ನಮಗೆ ನಗದೇ ಗತಿ. ಡಾಲರ್ ತಗೊಂಡು ಹೋಗಿ ಅಲ್ಲಿ ಬ್ಯಾಂಕಲ್ಲೋ ಲೈಸೆನ್ಸ್ ಇರೋ ಅಂಗಡಿಯಲ್ಲೋ ಬದಲಿಸಿ. ನೋಟು ಹರಿದಿರಬಾರದು, ಬರೆದಿರಬಾರದು, ಮಡಚಿದ ಗುರುತಿದ್ರೂ ಕೆಲವರು ಮುಖ ಸಿಂಡರಿಸ್ತಾರೆ. ಎಟಿಎಂ ಬಳಸೋದಾದ್ರೆ ಕೆಲವು ಮಷಿನ್ ಒಂದು ಸಲಕ್ಕೆ 20-30 ಲಕ್ಷ ಡಾಂಗ್‌ಗೆ ನಿಲ್ಲಿಸುತ್ವೆ, ಪ್ರತಿ ಸಲಕ್ಕೂ ಫೀಸು. ಇನ್ನೊಂದು ಮುಖ್ಯವಾದ್ದು. ಎಟಿಎಂ ಅಥವಾ ಕಾರ್ಡ್ ಮಷಿನ್ ನಿಮ್ಮನ್ನ ಕೇಳುತ್ತೆ, 'ರೂಪಾಯಿಯಲ್ಲಿ ಕಟ್ ಮಾಡ್ಲಾ?' ಅಂತ. ಕೇಳೋಕೆ ಚೆನ್ನಾಗಿರುತ್ತೆ, ನಮ್ಮದೇ ದುಡ್ಡಲ್ಲಿ ಎಷ್ಟು ಅಂತ ಕಾಣುತ್ತೆ ಅಂತ. ಬೇಡ ಅನ್ನಿ. ಹೂಂ ಅಂದ್ರೆ ಆ ಮಷಿನ್ ಕಂಪನಿ ತನಗೆ ಬೇಕಾದ ರೇಟ್ ಹಾಕುತ್ತೆ. ಡಾಂಗ್‌ನಲ್ಲೇ ಕಟ್ ಮಾಡು ಅಂತ ಒತ್ತಿ, ನಿಮ್ಮ ಬ್ಯಾಂಕ್ ರೇಟ್ ಬೀಳುತ್ತೆ. ಅದರ ಮೇಲೆ ನಿಮ್ಮ ಕಾರ್ಡಿನ ಫಾರೆಕ್ಸ್ ಮಾರ್ಕಪ್ ಎಷ್ಟು ಅಂತ ಇಲ್ಲೇ ಕೇಳ್ಕೊಂಡು ಹೋಗಿ, ಬಹಳಷ್ಟು ಕಾರ್ಡುಗಳಲ್ಲಿ ಅದು ನೂರಕ್ಕೆ ಮೂರರ ಆಸುಪಾಸಲ್ಲಿ ಇರುತ್ತೆ.

ಫೋನ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಅಲ್ಲಿ ಆಟೋ ಇಲ್ಲ, ಇರೋದು ಗ್ರಾಬ್ ಆ್ಯಪ್, ನಮ್ಮ ಓಲಾ ಉಬರ್ ಥರ, ಬೈಕೂ ಕಾರೂ ಎರಡೂ. ಇಲ್ಲಿಂದ ಹೊರಡೋ ಮುಂಚೆನೇ ಹಾಕ್ಕೊಂಡು ನಿಮ್ಮ ನಂಬರಿಗೆ ಒಟಿಪಿ ತರಿಸ್ಕೊಂಡು ರೆಡಿ ಇಟ್ಕೊಳ್ಳಿ. ಅಲ್ಲಿ ಹೋಗಿ ಸಿಮ್ ಬದಲಿಸಿದ ಮೇಲೆ ಒಟಿಪಿ ಬರಲ್ಲ. ಅದೇ ಕಾರಣಕ್ಕೆ ನಮ್ಮ ಸಿಮ್ಮಲ್ಲಿ ಎಸ್ಎಂಎಸ್ ಬರೋಷ್ಟಾದ್ರೂ ರೋಮಿಂಗ್ ಆನ್ ಇರ್ಲಿ, ಬ್ಯಾಂಕ್ ಒಟಿಪಿಗೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ವಿಯೆಟ್ನಾಮೀಸ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳ್ಳಿ. ನಮ್ಮ ಎರಡು ಗುಂಡು ಪಿನ್ನಿನ ಚಾರ್ಜರ್ ಅಲ್ಲಿ ಕೂರುತ್ತೆ, ಮೂರು ಪಿನ್ನಿಂದು ಕೂರಲ್ಲ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ.

ವಿಳಾಸದ ಬಗ್ಗೆ ಒಂದು ಮಾತು. 2025ರ ಜುಲೈ 1ರಿಂದ ಅಲ್ಲಿಯ 63 ಪ್ರಾಂತ್ಯ-ನಗರಗಳನ್ನ ಸೇರಿಸಿ 34 ಮಾಡಿದ್ದಾರೆ, ಜಿಲ್ಲೆ ಅನ್ನೋ ಹಂತಾನೇ ತೆಗೆದಿದ್ದಾರೆ. ಹೊಯ್ ಆನ್ ಈಗ ಕಾಗದದ ಮೇಲೆ ದಾ ನಾಂಗ್ ನಗರದ ಭಾಗ. ಹೋ ಚಿ ಮಿನ್ ಸಿಟಿಯಲ್ಲಿ 'ಡಿಸ್ಟ್ರಿಕ್ಟ್ 1' ಅಂತ ಜನ ಇನ್ನೂ ಹೇಳ್ತಾರೆ, ಹೊಸ ವಿಳಾಸದಲ್ಲಿ ಅದು ಇರಲ್ಲ. ಹೋಟೆಲ್ ವಿಳಾಸ ಹಳೇದೊಂದು ಹೊಸದೊಂದು ಕಂಡ್ರೆ ಗಾಬರಿ ಆಗ್ಬೇಡಿ, ಮ್ಯಾಪಲ್ಲಿ ಪಿನ್ ನೋಡಿ.

ರಸ್ತೆ ದಾಟೋದು ಕಲೀಬೇಕು. ಬೆಂಗಳೂರಲ್ಲಿ ದಾಟಿದೋರಿಗೆ ಏನು ಮಹಾ ಅಂತ ನಾನೂ ಅಂದ್ಕೊಂಡಿದ್ದೆ. ನಮ್ಮಲ್ಲಿ ಕೈ ತೋರಿಸಿ ಓಡ್ತೀವಿ. ಅಲ್ಲಿ ಓಡಬಾರದು. ಒಂದೇ ಸಮನೆ, ನಿಧಾನಕ್ಕೆ, ನಿಲ್ಲದೇ ನಡೀಬೇಕು. ಸ್ಕೂಟರುಗಳು ನಿಮ್ಮ ನಡಿಗೆಯ ಲೆಕ್ಕ ಹಾಕಿ ಪಕ್ಕದಿಂದ ಹೋಗ್ತವೆ. ನಡುವೆ ಹೆದರಿ ಹಿಂದೆ ಹೆಜ್ಜೆ ಇಟ್ರೆ ಅವರ ಲೆಕ್ಕ ತಪ್ಪುತ್ತೆ. ಅಮ್ಮ ನನ್ನ ಕೈ ಹಿಡ್ಕೊಂಡು ಕಣ್ಣು ಮುಚ್ಕೊಂಡು ರಾಮ ರಾಮ ಅಂತ ದಾಟಿದ್ರು, ತಂತ್ರವಾಗಿ ನೋಡಿದ್ರೆ ಅದೇ ಸರಿಯಾದ ವಿಧಾನ.

ಈಗ ಸ್ಕೂಟರ್ ಬಾಡಿಗೆ. ಇಲ್ಲಿ ಸ್ವಲ್ಪ ಗಂಭೀರವಾಗಿ ಕೇಳಿ, ಯಾಕಂದ್ರೆ ನನಗೆ ಮೆಸೇಜ್ ಮಾಡಿದೋರಲ್ಲಿ ಜಾಸ್ತಿ ಹುಡುಗರು ಕೇಳಿದ್ದು ಇದೇ: ಹಾಯ್ ವಾನ್ ಪಾಸ್‌ನಲ್ಲಿ ಬೈಕ್ ಓಡಿಸ್ಬೇಕು, ಹಾ ಜಿಯಾಂಗ್ ಲೂಪ್ ಮಾಡ್ಬೇಕು, ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದ್ದೀವಿ, ಸಾಕಲ್ವಾ ಅಂತ.

ಸಾಲಲ್ಲ. ಈ ಪರ್ಮಿಟ್‌ಗೆ ಎರಡು ಅಂತರರಾಷ್ಟ್ರೀಯ ಒಪ್ಪಂದ ಇದೆ, ಒಂದು 1949ರದ್ದು, ಇನ್ನೊಂದು 1968ರದ್ದು. ನಮ್ಮ ಆರ್‌ಟಿಒ ಕೊಡೋದು 1949ರ ಒಪ್ಪಂದದ ಪ್ರಕಾರ. ವಿಯೆಟ್ನಾಂ ಒಪ್ಪೋದು 1968ರದ್ದು. ಅಂದ್ರೆ ನಿಮ್ಮ ಕೈಲಿರೋ ಪುಸ್ತಕ ಅಲ್ಲಿ ಲೈಸೆನ್ಸ್ ಅಲ್ಲ. ಬಾಡಿಗೆ ಅಂಗಡಿಯೋರು ಕೇಳಲ್ಲ, ಕೊಡ್ತಾರೆ. ಪೊಲೀಸ್ ಹಿಡಿದ್ರೆ ದಂಡ. ದೊಡ್ಡದು ಬೇರೆ ಇದೆ.

ನನ್ನ ಕಾಲೇಜು ಗೆಳೆಯ ಒಬ್ಬ ದಾ ನಾಂಗ್ ಹತ್ರ ತಿರುವಲ್ಲಿ ಮರಳಿನ ಮೇಲೆ ಜಾರಿ ಬಿದ್ದ. ಕಾಲಿನ ಮೂಳೆ ಎರಡು ಕಡೆ ಮುರೀತು. ಟ್ರಾವೆಲ್ ಇನ್ಶೂರೆನ್ಸ್ ಇತ್ತು, ಒಳ್ಳೇ ಮೊತ್ತದ್ದೇ. ಕಂಪನಿ ಮೊದಲು ಕೇಳಿದ್ದು, ಆ ದೇಶದಲ್ಲಿ ಆ ಗಾಡಿ ಓಡಿಸೋಕೆ ಮಾನ್ಯವಾದ ಲೈಸೆನ್ಸ್ ಇತ್ತಾ ಅಂತ. ಇಲ್ಲ. ಕ್ಲೇಮ್ ತಿರಸ್ಕಾರ. ಪಾಲಿಸಿ ಪುಸ್ತಕದಲ್ಲಿ ಅದು ಬರೆದೇ ಇತ್ತು, ಹೊರತುಪಡಿಸಿದವು ಅನ್ನೋ ಭಾಗದಲ್ಲಿ. ಆಸ್ಪತ್ರೆ ಬಿಲ್ಲಿಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ದುಡ್ಡು ಎತ್ತಿದ್ವಿ. ನಾನು ಹಾಕಿದ್ದು ಐದು ಸಾವಿರ. ಅವನ ಅಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರು, ಆ ಫೋನ್ ಎತ್ತೋದು ಅಷ್ಟು ಸುಲಭ ಇರ್ಲಿಲ್ಲ.

ಹಾಗಾದ್ರೆ ಏನ್ ಮಾಡೋದು? ಹಾ ಜಿಯಾಂಗ್‌ನಲ್ಲಿ 'ಈಸಿ ರೈಡರ್' ಅಂತ ಇದ್ದಾರೆ, ಸ್ಥಳೀಯರು ಓಡಿಸ್ತಾರೆ, ನೀವು ಹಿಂದೆ ಕೂರೋದು. ಓಡಿಸೋ ಮಜಾ ಇರಲ್ಲ ನಿಜ. ಆದ್ರೆ ಆ ಕಣಿವೆ ನೋಡೋಕೆ ಎರಡೂ ಕಣ್ಣು ಬಿಡುವಾಗಿರುತ್ತೆ. ಹಾಯ್ ವಾನ್‌ಗೂ ಹಂಗೇ ಹಿಂದೆ ಕೂರಿಸ್ಕೊಂಡು ಹೋಗೋರು ಸಿಗ್ತಾರೆ. ಹೆಲ್ಮೆಟ್ ಹಿಂದೆ ಕೂತೋರಿಗೂ ಕಡ್ಡಾಯ. ಅಲ್ಲಿ ಕುಡಿದು ಓಡಿಸೋಕೆ ಮಿತಿ ಅಂತ ಇಲ್ಲ, ಮಿತಿ ಸೊನ್ನೆ. ಯಾವ ಅಂಗಡಿಗೂ ಪಾಸ್‌ಪೋರ್ಟ್ ಅಡ ಇಡ್ಬೇಡಿ. ಹೋಟೆಲಿನೋರು ನೋಂದಣಿಗೆ ಪಾಸ್‌ಪೋರ್ಟ್ ತಗೊಳ್ಳೋದು ಮಾಮೂಲು, ಕಾಪಿ ಮಾಡ್ಕೊಂಡ ತಕ್ಷಣ ವಾಪಸ್ ಇಸ್ಕೊಳ್ಳಿ.

ಹಾ ಲಾಂಗ್ ಕೊಲ್ಲಿಯ ದೋಣಿಗೂ ಇದೇ ಎಚ್ಚರ. 2025ರ ಜುಲೈನಲ್ಲಿ ಅಲ್ಲಿ ದಿಢೀರ್ ಬಿರುಗಾಳಿಗೆ ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆ, ಮಳೆಗಾಲದಲ್ಲಿ ಹವಾಮಾನ ಕೆಟ್ಟಿದೆ ಅಂತ ದೋಣಿ ರದ್ದು ಮಾಡಿದ್ರೆ ದುಡ್ಡು ಕೊಟ್ಟಿದ್ದೀವಿ ಅಂತ ಜಗಳ ಆಡ್ಬೇಡಿ. ಪ್ಲಾನಲ್ಲಿ ಒಂದು ದಿನ ಖಾಲಿ ಇಟ್ಕೊಳ್ಳಿ. ಆಂಬುಲೆನ್ಸ್‌ಗೆ 115, ಪೊಲೀಸ್‌ಗೆ 113. ಹನೋಯ್‌ನಲ್ಲಿ ನಮ್ಮ ರಾಯಭಾರ ಕಚೇರಿ, ಹೋ ಚಿ ಮಿನ್ ಸಿಟಿಯಲ್ಲಿ ಕಾನ್ಸುಲೇಟ್ ಇದೆ, ನಂಬರ್ ಸೇವ್ ಮಾಡ್ಕೊಂಡೇ ಹೋಗಿ.

ಊಟ. ಅಮ್ಮ ಮೊಟ್ಟೇನೂ ತಿನ್ನಲ್ಲ. ಅಲ್ಲಿ ಕಷ್ಟ ಏನಂದ್ರೆ ಮಾಂಸ ಅಲ್ಲ, ಅದು ಕಾಣುತ್ತೆ. ಕಾಣದೇ ಇರೋದು ನುಕ್ ಮಾಮ್, ಮೀನಿನ ಸಾಸು. ನಾವು ಉಪ್ಪು ಹಾಕೋ ಕಡೆಯೆಲ್ಲ ಅವರು ಅದನ್ನ ಹಾಕ್ತಾರೆ. 'ವೆಜಿಟೇರಿಯನ್' ಅಂದ್ರೆ ತರಕಾರಿ ಜಾಸ್ತಿ ಹಾಕಿ, ಮೇಲೆ ಇದನ್ನೂ ಹಾಕಿ ಪ್ರೀತಿಯಿಂದ ಕೊಡ್ತಾರೆ. ಬಳಸಬೇಕಾದ ಪದ 'ಚಾಯ್'. ನಮ್ಮ ಟೀ ಅಲ್ಲ, ಅಲ್ಲಿ ಚಾಯ್ ಅಂದ್ರೆ ಬೌದ್ಧರ ಸಸ್ಯಾಹಾರ. 'ತೋಯ್ ಆನ್ ಚಾಯ್', ನಾನು ಸಸ್ಯಾಹಾರಿ. 'ಕ್ವಾನ್ ಚಾಯ್' ಅಂತ ಬೋರ್ಡ್ ಇದ್ರೆ ಧೈರ್ಯವಾಗಿ ಒಳಗೆ ಹೋಗಿ. ತೋಫು, ಅಣಬೆ, ಸೊಪ್ಪು, ಅನ್ನ, ಎಲ್ಲಾ ಸಿಗುತ್ತೆ, ಅಗ್ಗವಾಗೂ ಸಿಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ದಿನ ಅಲ್ಲಿ ಸುಮಾರು ಜನ ಮಾಂಸ ತಿನ್ನಲ್ಲ, ಅವತ್ತು ಚಾಯ್ ಅಂಗಡಿಗಳಲ್ಲಿ ನಿಲ್ಲೋಕೆ ಜಾಗ ಇರಲ್ಲ. ಇದನ್ನ ಹೇಳಿದಾಗ ಅಮ್ಮನಿಗೆ ಅರ್ಧ ದೇಶ ಪರಿಚಯ ಆದಂಗಾಯ್ತು. 'ನಮ್ಮಂಗೇ ಅಲ್ವೇನೋ' ಅಂದ್ರು. ಆದ್ರೂ ಚಟ್ನಿಪುಡಿ, ಅವಲಕ್ಕಿ ತಗೊಂಡು ಹೋಗಿದ್ದು ವ್ಯರ್ಥ ಆಗ್ಲಿಲ್ಲ. ಸಾಮಾನ್ಯವಾಗಿ ಹೋಟೆಲ್ ರೂಮಲ್ಲಿ ಕೆಟಲ್ ಇರುತ್ತೆ. ನಲ್ಲಿ ನೀರು ಕುಡೀಬೇಡಿ.

ಕಾಫಿ ಬಗ್ಗೆ ಹೇಳದೇ ಹೋದ್ರೆ ಚಿಕ್ಕಮಗಳೂರಿನ ಕೇಳುಗರು ಬಿಡಲ್ಲ. ಜಗತ್ತಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯೋ ದೇಶ ಅದು. ಫಿನ್ ಅಂತ ಒಂದು ಪುಟ್ಟ ಫಿಲ್ಟರನ್ನ ಲೋಟದ ಮೇಲೇ ಇಟ್ಟು ಕೊಡ್ತಾರೆ, ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುತ್ತೆ, ಕೆಳಗೆ ಕಂಡೆನ್ಸ್ಡ್ ಮಿಲ್ಕ್. ಅಮ್ಮ ಮೊದಲ ಗುಟುಕಿಗೆ 'ಡಿಕಾಕ್ಷನ್ ಚೆನ್ನಾಗಿದೆ, ಹಾಲು ಕಾಯ್ಸೋಕೆ ಬರಲ್ಲ ಇವ್ರಿಗೆ' ಅಂತ ತೀರ್ಪು ಕೊಟ್ರು. ನನಗೇನೋ ತುಂಬಾ ಇಷ್ಟ ಆಯ್ತು.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ ಅಂತ ಕೇಳಿದೋರಿಗೆ ನಾನು ಹೇಳೋದು ಮಿ ಸನ್. ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್, ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರೋಕೆ ಮುಂಚೆ. ಚಂಪಾ ರಾಜರು 4ನೇ ಶತಮಾನದಿಂದ ಸುಮಾರು ಸಾವಿರ ವರ್ಷ ಕಟ್ಟಿಸಿದ ದೇವಸ್ಥಾನಗಳು, ಹೆಚ್ಚಿನವು ಶಿವನದ್ದು. ಸಂಸ್ಕೃತ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬ್ ಬಿದ್ದು ಎಷ್ಟೋ ಗೋಪುರ ಹಾಳಾದವು, ಬಾಂಬಿನ ಗುಂಡಿಗಳು ಈಗಲೂ ಕಾಣ್ತವೆ. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ಪುರಾತತ್ವ ಇಲಾಖೆಯೋರು ಅಲ್ಲಿ ರಿಪೇರಿ ಕೆಲಸ ಮಾಡ್ತಿದ್ದಾಗ 2020ರಲ್ಲಿ 9ನೇ ಶತಮಾನದ ಒಂದು ಏಕಶಿಲಾ ಲಿಂಗ ಸಿಕ್ಕಿತು, ಮರಳುಗಲ್ಲಿಂದು.

ಟಿಕೆಟ್ ಕೌಂಟರಿಂದ ಒಳಗೆ ಸ್ವಲ್ಪ ದೂರದವರೆಗೂ ಬ್ಯಾಟರಿ ಗಾಡಿ ಇದೆ, ಮಂಡಿ ನೋವಿನೋರಿಗೆ ತೊಂದರೆ ಇಲ್ಲ. ಆಮೇಲೆ ನಡೀಬೇಕು. ಒಂದು ಇಟ್ಟಿಗೆ ಗುಡಿ ಮುಂದೆ, ಪೂಜೆ ಇಲ್ಲ, ದೀಪ ಇಲ್ಲ, ಸುತ್ತ ಪ್ರವಾಸಿಗರು ಫೋಟೋ ತೆಗೀತಿದ್ದಾರೆ, ಅಮ್ಮ ಚಪ್ಪಲಿ ಬಿಟ್ರು. ನಾನು ಬೇಕಾಗಿಲ್ಲಮ್ಮ, ಇದು ಮ್ಯೂಸಿಯಂ ಥರ ಅಂದೆ. ಕೇಳಿಸ್ಕೊಳ್ಳಲಿಲ್ಲ. ಒಳಗೆ ಹೋಗಿ, ಒಂದೆರಡು ನಿಮಿಷ ನಿಂತು, ಬ್ಯಾಗಿಂದ ಪಾಸ್‌ಪೋರ್ಟ್ ತೆಗೆದು, ಕಲ್ಲಿಗೆ ಒಂದು ಸಲ ತೋರಿಸಿ, ಮತ್ತೆ ಒಳಗೆ ಇಟ್ಕೊಂಡ್ರು. ನಾನು ಏನೂ ಕೇಳ್ಲಿಲ್ಲ.

ಒಟ್ಟು ಖರ್ಚು ಕೇಳಿದ್ರಲ್ಲ. ಎಂಟು ರಾತ್ರಿ, ಇಬ್ಬರಿಗೆ, ವಿಮಾನ, ಒಳಗಿನ ಒಂದು ವಿಮಾನ, ಹೋಟೆಲ್, ಊಟ, ಓಡಾಟ, ಇನ್ಶೂರೆನ್ಸ್ ಎಲ್ಲಾ ಸೇರಿ ಒಂದು ಲಕ್ಷದ ಮೂವತ್ತೆರಡು ಸಾವಿರ ರೂಪಾಯಿ. ಮೊದಲನೇ ಸಲ ಕಳ್ಕೊಂಡ ನಲವತ್ತು ಸಾವಿರ ಬಿಟ್ಟು. ಅಮ್ಮನ ಡೈರಿಯಲ್ಲಿ ಅದನ್ನೂ ಸೇರಿಸಿದ್ದಾರೆ, 'ಒಂದು ಎಂ' ಅಂತ ಬರೆದು, ಪಕ್ಕದಲ್ಲಿ ಮೊತ್ತ.

ಪಾಸ್‌ಪೋರ್ಟ್ ಹೆಸರಿನ ಬಗ್ಗೆ ಯಾರಿಗಾದ್ರೂ ಗೊಂದಲ ಇದ್ರೆ ವಾಯ್ಸ್ ನೋಟ್ ಕಳ್ಸಿ, ಮುಂದಿನ ವಾರ ಅದನ್ನ ತಗೊಂಡು ಕೂರೋಣ. ಪಾಸ್‌ಪೋರ್ಟ್ ಫೋಟೋ ಮಾತ್ರ ಕಳಿಸ್ಬೇಡಿ, ನನಗೂ ಅಷ್ಟೇ, ಯಾರಿಗೂ ಅಷ್ಟೇ.